ಸೀಸದ ತಗಡಿನಿಂದ ಎಕ್ಸ್‌ರೇವರೆಗೆ

ಧಾರವಾಡದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತ, ಮುಂದೆ ಮೆಡಿಕಲ್ ಫಿಸಿಕ್ಸ್ ಕಡೆ ಹೋಗಬೇಕು ಅನ್ನುವವರು ಮೊದಲು ಕೈ ಹಾಕುವುದು ಎಂ.ಆರ್.ಐ. ಪುಸ್ತಕಕ್ಕೆ. ಅಷ್ಟು ಅವಸರ ಬೇಡ. ಜಿ.ಎಂ. ಕೌಂಟರ್ (ವಿಕಿರಣ ಎಣಿಸುವ ಗೈಗರ್-ಮುಲ್ಲರ್ ಟ್ಯೂಬು) ಇಟ್ಟುಕೊಂಡು, ತಗಡು ಎಷ್ಟು ವಿಕಿರಣ ತಡೆಯುತ್ತದೆ ಅಂತ ಅಳೆಯುವ ಅಬ್ಸಾರ್ಪ್ಶನ್ ಪ್ರಯೋಗ ಇದೆಯಲ್ಲ, ಜರ್ನಲ್ ಮೇಲೆ ಸಹಿ ಬಿದ್ದರೆ ಸಾಕು ಅಂತ ಗಡಿಬಿಡಿಯಲ್ಲಿ ಮುಗಿಸುವಂಥದ್ದು, ಎಕ್ಸ್‌ರೇಯ ಅರ್ಧ ಪಾಠ ಅದರಲ್ಲೇ ಇದೆ.

ಸೋರ್ಸು, ಅಂದರೆ ವಿಕಿರಣ ಸೂಸುವ ವಸ್ತು, ಸೀಸಿಯಂ-137; ಅದರ ಗಾಮಾ ಕಿರಣದ ಶಕ್ತಿ 662 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್). ನಡುವೆ ಸೀಸದ ತಗಡು ಒಂದೊಂದಾಗಿ ಸೇರಿಸುತ್ತ ಎಣಿಕೆ ಬರೆದುಕೊಂಡು ಸೆಮಿಲಾಗ್ ಹಾಳೆಯ (ಒಂದು ಅಕ್ಷ ಮಾತ್ರ ಲಾಗರಿದಮ್ ಅಳತೆಯಲ್ಲಿರುವ ಗ್ರಾಫ್) ಮೇಲೆ ಇಟ್ಟರೆ ಸರಳರೇಖೆ ಬರಬೇಕು. ಎಣಿಕೆ ಅರ್ಧಕ್ಕೆ ಇಳಿಯುವ ದಪ್ಪ, ಅಂದರೆ ಎಚ್‌ವಿಎಲ್, ಸುಮಾರು 5.5 ಮಿ.ಮೀ. ಆದರೆ ಬಿಂದುಗಳು ಎರಡೂ ತುದಿಗೆ ರೇಖೆ ಬಿಟ್ಟು ಸರಿದಿರುತ್ತವೆ. ಸ್ಕೇಲು ಇಟ್ಟು ನೆಟ್ಟಗೆ ಗೀಚಿಬಿಡುವುದು ರೂಢಿ. ಕಲಿಯಬೇಕಾದದ್ದು ಮಾತ್ರ ಆ ಸರಿದ ಬಿಂದುಗಳಲ್ಲೇ ಇರುತ್ತದೆ.

ಮೊದಲ ತೆಳು ತಗಡಿಗೇ ಎಣಿಕೆ ದಡಕ್ಕನೆ ಬಿದ್ದರೆ ಅದು ಗಾಮಾ ಅಲ್ಲ, ಅದೇ ಸೋರ್ಸಿನಿಂದ ಬರುವ ಬೀಟಾ, ಅಂದರೆ ಎಲೆಕ್ಟ್ರಾನುಗಳು. ಸೋರ್ಸಿನ ಮುಂದೆ 2 ಮಿ.ಮೀ. ಅಲ್ಯೂಮಿನಿಯಂ ಕಾಯಂ ಇಟ್ಟುಬಿಡಿ. ಸೋರ್ಸು ತೀರಾ ಹತ್ತಿರವಿದ್ದರೆ ಡೆಡ್ ಟೈಮ್, ಅಂದರೆ ಒಂದು ಕಣ ಎಣಿಸಿದ ಮೇಲೆ ಟ್ಯೂಬು ಕುರುಡಾಗಿರುವ ಹೊತ್ತು, ಕಾಡುತ್ತದೆ: 100 ಮೈಕ್ರೋಸೆಕೆಂಡಿನ ಟ್ಯೂಬಿಗೆ ಸೆಕೆಂಡಿಗೆ 1000 ಕಣ ಬಂದರೆ ಅದು ತೋರಿಸುವುದು 909. ಸೀಸ ದಪ್ಪವಾದ ಆ ಕಡೆ ತುದಿಯಲ್ಲಿ ರೇಖೆ ಮಲಗಿದ್ದರೆ ಬ್ಯಾಕ್‌ಗ್ರೌಂಡ್, ಅಂದರೆ ಸೋರ್ಸು ಇಲ್ಲದೆಯೂ ಸುತ್ತಲಿಂದ ಬರುವ ಎಣಿಕೆ, ಕಳೆದಿಲ್ಲ ಅಂತ ಅರ್ಥ. ಸೋರ್ಸು ದೂರ ಇಟ್ಟು ಹತ್ತು ನಿಮಿಷ ಬರೀ ಬ್ಯಾಕ್‌ಗ್ರೌಂಡ್ ಎಣಿಸಿ. ಅದೂ ಎರಡು ಸಲ, ಪ್ರಯೋಗದ ಮೊದಲು ಮತ್ತು ಕೊನೆಗೆ. ಒಂದೊಂದು ರೀಡಿಂಗಿಗೂ ಎಣಿಕೆ 10,000 ದಾಟಲಿ. ಆಗ ತಪ್ಪು ಶೇ. 1, ಬರೀ 100 ಎಣಿಸಿ ಎದ್ದರೆ ಶೇ. 10.

ಇಷ್ಟೆಲ್ಲ ಮಾಡಿಯೂ ಎಚ್‌ವಿಎಲ್ 6-7 ಮಿ.ಮೀ. ಬಂದರೆ ತಗಡುಗಳನ್ನು ಕೌಂಟರಿಗೆ ಒತ್ತಿ ಇಟ್ಟಿದ್ದೀರಿ. ಸೀಸದಲ್ಲಿ ಚದುರಿದ ಕಿರಣ ಬೇರೆ ದಾರಿ ಹಿಡಿದು ಮತ್ತೆ ಟ್ಯೂಬಿಗೇ ಬರುತ್ತಿದೆ. ತಗಡನ್ನು ನಟ್ಟನಡುವೆ ನಿಲ್ಲಿಸಿ, ಎರಡೂ ಕಡೆ ಸೀಸದ ಕಿಂಡಿ ಇಡಿ. ರೇಡಿಯಾಲಜಿಯಲ್ಲಿ ಹೊಟ್ಟೆಯ ಎಕ್ಸ್‌ರೇಗೆ ಗ್ರಿಡ್ (ಓರೆಯಾಗಿ ಬರುವ ಕಿರಣ ತಡೆಯುವ ಸೀಸದ ಪಟ್ಟಿಗಳ ಜಾಲರಿ) ಹಾಕುವುದೂ ಇದೇ ಕಾರಣಕ್ಕೆ: ರೋಗಿಯ ಮೈಯಲ್ಲಿ ಚದುರಿದ್ದು ಚಿತ್ರವನ್ನು ಮಸುಕು ಮಾಡಬಾರದು. ಅದಕ್ಕೆ ಪ್ರತಿಯಾಗಿ ಎಂಎಎಸ್ (ಟ್ಯೂಬಿನ ಕರೆಂಟು ಮತ್ತು ಸಮಯದ ಗುಣಲಬ್ಧ, ಅಂದರೆ ಕಿರಣದ ಪ್ರಮಾಣ) ಏರಿಸಬೇಕಾಗುತ್ತದೆ, ರೋಗಿಗೆ ಡೋಸ್ ಹೆಚ್ಚುತ್ತದೆ. ಗ್ರಿಡ್ ಪುಕ್ಕಟೆ ಬರುವುದಿಲ್ಲ.

ಈಗ ಅದೇ ಸೀಸ, ಆದರೆ ಎಕ್ಸ್‌ರೇ ಕೋಣೆಯ ಸಿಬ್ಬಂದಿ ಮೈಮೇಲೆ ಹಾಕಿಕೊಳ್ಳುವ ಏಪ್ರನ್ ರೂಪದಲ್ಲಿ. ದಪ್ಪ 0.5 ಮಿ.ಮೀ. 60 ಕೆಇವಿಯ ಎಕ್ಸ್‌ರೇ ಇದರಲ್ಲಿ ಶೇ. 6ರಷ್ಟು ಮಾತ್ರ ದಾಟುತ್ತದೆ. ಲ್ಯಾಬಿನ ಸೀಸಿಯಂ ಗಾಮಾಗೆ ಲೆಕ್ಕ ತಿರುಗುಮುರುಗು: ಶೇ. 6ರಷ್ಟು ತಡೆಯುತ್ತದೆ, ಉಳಿದದ್ದೆಲ್ಲ ದಾಟುತ್ತದೆ. ಏಪ್ರನ್ ಹಾಕಿಕೊಂಡರೆ ಯಾವ ವಿಕಿರಣಕ್ಕೂ ಹೆದರಬೇಕಿಲ್ಲ ಅನ್ನುವವರಿಗೆ ಈ ಎರಡು ಅಂಕಿ ಸಾಕು. ಕಾರಣ ಫೋಟೋಎಲೆಕ್ಟ್ರಿಕ್ ಪರಿಣಾಮ, ಅಂದರೆ ಪರಮಾಣು ಕಿರಣವನ್ನು ಪೂರ್ತಿ ನುಂಗಿ ಎಲೆಕ್ಟ್ರಾನ್ ಹೊರಹಾಕುವುದು. ಅದು ಪರಮಾಣು ಸಂಖ್ಯೆಯ ಘನದಷ್ಟು ಏರುತ್ತದೆ, ಶಕ್ತಿಯ ಘನದಷ್ಟು ಇಳಿಯುತ್ತದೆ, ಸ್ಥೂಲವಾಗಿ.

ಎಲುಬು ಬೆಳ್ಳಗೆ ಕಾಣುವುದೂ ಇದರಿಂದಲೇ. ಒಂದು ಸೆಂ.ಮೀ. ದಪ್ಪಕ್ಕೆ ಲೆಕ್ಕ ಹಿಡಿದರೆ, 30 ಕೆಇವಿಯಲ್ಲಿ ಗಟ್ಟಿ ಎಲುಬಿನ ಅಟೆನ್ಯುಯೇಶನ್ (ಕಿರಣವನ್ನು ಕುಗ್ಗಿಸುವ ಪ್ರಮಾಣ) ಮಾಂಸದ ಆರು ಪಟ್ಟಿಗಿಂತ ಹೆಚ್ಚು, 60ರಲ್ಲಿ ಮೂರು ಪಟ್ಟಿಗೆ ಹತ್ತಿರ, 100ರಲ್ಲಿ ಎರಡೇ ಪಟ್ಟು. ಹಾಗಾಗಿ ಕೈಯ ಎಕ್ಸ್‌ರೇ 50 ಕೆವಿ (ಟ್ಯೂಬಿಗೆ ಕೊಡುವ ವೋಲ್ಟೇಜು, ಕಿಲೋವೋಲ್ಟ್‌ನಲ್ಲಿ) ಆಸುಪಾಸಿನಲ್ಲಿ, ಎದೆಯದು 110-125 ಕೆವಿಯಲ್ಲಿ. ಎದೆಯಲ್ಲಿ ಪಕ್ಕೆಲುಬು ಮಂಕಾದಷ್ಟೂ ಒಳ್ಳೆಯದು, ಹಿಂದಿನ ಪುಪ್ಪುಸ ಕಾಣಬೇಕಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಪ್ರಾಜೆಕ್ಟಿಗೆಂದು ಚಿಗರಿ ಬಸ್ಸು ಹತ್ತಿದವರಿಗೆ ಅಲ್ಲಿ ಹೊಸ ತೊಡಕು. ಟ್ಯೂಬಿನ ಕಿರಣಕ್ಕೆ ಒಂದೇ ಶಕ್ತಿ ಇಲ್ಲ. 80 ಕೆವಿ ಅಂದರೆ ಗರಿಷ್ಠ 80 ಕೆಇವಿ, ಸರಾಸರಿ ಅದರ ಅರ್ಧದ ಆಸುಪಾಸು. ಅಲ್ಯೂಮಿನಿಯಂ ಹಾಳೆ ಇಡುತ್ತ ಹೋದರೆ ಸೆಮಿಲಾಗ್ ರೇಖೆ ನಿಜವಾಗಿಯೂ ಬಾಗುತ್ತದೆ, ಇಲ್ಲಿ ತಪ್ಪು ನಿಮ್ಮದಲ್ಲ. ಗೋಧಿ ಹಿಟ್ಟನ್ನು ಸಾಣಿಗಿಯಲ್ಲಿ ಒಮ್ಮೆ ಹಿಡಿದರೆ ತೌಡು ಬರುತ್ತದೆ, ಅದೇ ಹಿಟ್ಟು ಮತ್ತೆ ಹಿಡಿದರೆ ಎಷ್ಟು ಬಂದೀತು? ಮೆತ್ತನೆಯ ಕಿರಣ ಮೊದಲೇ ಸೋಸಿ ಹೋಗಿರುತ್ತದೆ, ಎರಡನೇ ಎಚ್‌ವಿಎಲ್ ಮೊದಲನೆಯದಕ್ಕಿಂತ ದಪ್ಪ ಬರುತ್ತದೆ. ಇದಕ್ಕೆ ಬೀಮ್ ಹಾರ್ಡನಿಂಗ್ ಅನ್ನುತ್ತಾರೆ. ಸಿ.ಟಿ.ಯಲ್ಲಿ ಇದನ್ನು ಸರಿಪಡಿಸದೆ ಬಿಟ್ಟರೆ ನೀರಿನ ಫ್ಯಾಂಟಮ್‌ನ (ರೋಗಿಯ ಬದಲು ಪರೀಕ್ಷೆಗೆ ಇಡುವ ನೀರು ತುಂಬಿದ ಪಾತ್ರೆ) ನಡುಭಾಗ ಅಂಚಿಗಿಂತ ಕಡಿಮೆ ಎಚ್‌ಯು (ನೀರಿಗೆ ಸೊನ್ನೆ ಅಂತ ಇಟ್ಟ ಸಿ.ಟಿ.ಯ ಅಳತೆ, ಹೌನ್ಸ್‌ಫೀಲ್ಡ್ ಯೂನಿಟ್) ತೋರಿಸುತ್ತದೆ, ಎಲ್ಲ ಕಡೆಯೂ ಸೊನ್ನೆ ಇರಬೇಕಾದಲ್ಲಿ.

ಮೆತ್ತನೆಯ ಕಿರಣ ಚಿತ್ರಕ್ಕೆ ಉಪಯೋಗವಿಲ್ಲ, ರೋಗಿಯ ಚರ್ಮದಲ್ಲೇ ಉಳಿಯುತ್ತದೆ. ಅದಕ್ಕೇ ಟ್ಯೂಬಿನ ಬಾಯಿಗೆ ಅಲ್ಯೂಮಿನಿಯಂ ಫಿಲ್ಟರ್. 80 ಕೆವಿಯಲ್ಲಿ ಮೊದಲ ಎಚ್‌ವಿಎಲ್ 2.3 ಮಿ.ಮೀ. ಅಲ್ಯೂಮಿನಿಯಂಗಿಂತ ಕಡಿಮೆ ಬಂದರೆ, ಮೊದಲು ಮೀಟರ್, ಹಾಳೆ ಇಟ್ಟ ಜಾಗ, ಕಿಂಡಿಯ ಅಗಲ ನೋಡಿ. ಎಲ್ಲ ಸರಿಯಿದ್ದೂ ಅದೇ ಬಂದರೆ, ಸರ್ವಿಸ್ ಮಾಡಿದವರು ಫಿಲ್ಟರ್ ಮತ್ತೆ ಕೂರಿಸಿದ್ದಾರೋ ಇಲ್ಲವೋ ಅಂತ ಕೊಲಿಮೇಟರ್ (ಟ್ಯೂಬಿನ ಬಾಯಿಯಲ್ಲಿ ಕಿರಣದ ಅಗಲ ಹೊಂದಿಸುವ ಪೆಟ್ಟಿಗೆ) ಬಿಚ್ಚಿಸಿ ನೋಡುವುದೇ.