ಬಿಟ್ಟುಕೊಟ್ಟ ಗೆಲುವು ಬೇಡ

ಟ್ಯಾಂಡೆಮ್ ಅಂದರೆ ಇಬ್ಬರು ಒಟ್ಟಿಗೆ ತುಳಿಯುವ ಉದ್ದದ ಸೈಕಲ್. ಮುಂದೆ ಕಣ್ಣು ಕಾಣುವವರು ಕೂರುತ್ತಾರೆ, ಅವರು ಪೈಲಟ್. ಹಿಂದೆ ನನ್ನಂಥವರು, ಸ್ಟೋಕರ್. ಮಂಗಳೂರಿನ ಗೆಳೆಯರೊಬ್ಬರು ಕಳೆದ ಡಿಸೆಂಬರಿನಲ್ಲಿ ತಮ್ಮ ಟ್ಯಾಂಡೆಮನ್ನು ಬದಿಯಡ್ಕದ ನಮ್ಮ ಮನೆಗೆ ಕಳಿಸಿಕೊಟ್ಟಿದ್ದರು. ನನಗೆ ಪೈಲಟ್ ಆದದ್ದು ಅತ್ತಿಗೆ. ಅವರು ಶಾಲೆಯಲ್ಲಿ ಆಟದ ಟೀಚರ್.

ಸೈಕಲ್ ಬಂದ ದಿನದಿಂದ ನನಗೆ ಸ್ಪ್ರಿಂಟ್‌ದೇ ಧ್ಯಾನ. ಟ್ರ್ಯಾಕಿನಲ್ಲಿ ಎರಡು ಜೋಡಿ ಎದುರುಬದುರಾಗಿ ಇಳಿಯುವ ಪಂದ್ಯ ಅದು. ಗಡಿಯಾರಕ್ಕಿಂತ ಎದುರಾಳಿ ಮುಖ್ಯ. ಮೊದಲು ನಿಧಾನಕ್ಕೆ ಹೋಗುತ್ತಾರೆ, ಒಬ್ಬರನ್ನೊಬ್ಬರು ಕಾಯುತ್ತಾರೆ. ಮುಂದಿರುವ ಜೋಡಿ ಗಾಳಿಯನ್ನು ಸೀಳಬೇಕು, ಹಿಂದಿನ ಜೋಡಿಗೆ ಅದರ ಮರೆ ಸಿಗುತ್ತದೆ. ಕೊನೆಗೆ ಯಾರೋ ಒಬ್ಬರು ನುಗ್ಗುತ್ತಾರೆ. ಪಂದ್ಯದ ಸೈಕಲ್ಲಿಗೆ ಬ್ರೇಕೂ ಇಲ್ಲ, ಗೇರೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ನಾಲ್ಕೂ ಕಾಲು ತಿರುಗಲೇಬೇಕು.

ಪ್ಯಾರಾಲಿಂಪಿಕ್ಸ್‌ನಲ್ಲಿ 2012ರ ಲಂಡನ್ ಕೂಟದ ನಂತರ ಈ ಸ್ಪ್ರಿಂಟ್ ನಡೆದಿಲ್ಲ. 1 ಕಿ.ಮೀ. ಟೈಮ್ ಟ್ರಯಲ್, ಅಂದರೆ ಬರೀ ಗಡಿಯಾರದ ಎದುರು ತುಳಿಯುವ ಪಂದ್ಯ, ಉಳಿಯಿತು. ನನಗೆ ಅದು ಇವತ್ತಿಗೂ ಬೇಜಾರು. ಕಾಮನ್‌ವೆಲ್ತ್ ಕೂಟದಲ್ಲಾದರೂ ಇತ್ತಲ್ಲ ಅನ್ನುವುದೇ ಸಮಾಧಾನ. ದೃಷ್ಟಿ ಮಂದವಿರುವ ಇಂಗ್ಲೆಂಡಿನ ಸೈಕಲ್ ಪಟು ಸೋಫಿ ಥಾರ್ನ್‌ಹಿಲ್ ತನ್ನ ಪೈಲಟ್ ಹೆಲೆನ್ ಸ್ಕಾಟ್ ಜೊತೆ 2014ರಲ್ಲಿ ಗ್ಲಾಸ್ಗೋದಲ್ಲೂ 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲೂ ಸ್ಪ್ರಿಂಟ್ ಚಿನ್ನ ಗೆದ್ದರು. ಆ ಓಟಗಳ ವಿವರವನ್ನು ಫೋನಿನಲ್ಲಿ ಓದಿಸಿಕೊಂಡು ಕೇಳುವುದೆಂದರೆ ನನಗೆ ಈಗಲೂ ಖುಷಿ.

ನಮ್ಮ ಕಾಸರಗೋಡಿನಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ಪಂದ್ಯದ ಟ್ರ್ಯಾಕ್, ಎಲ್ಲಿಂದ ಬರಬೇಕು? ಇದ್ದದ್ದು ಶಾಲೆಯ ಮೈದಾನ, ಗಟ್ಟಿ ಕೆಂಪು ಮಣ್ಣು. ನಮ್ಮದು ಬ್ರೇಕು, ಗೇರು ಎಲ್ಲ ಇರುವ ರಸ್ತೆ ಸೈಕಲ್. ಎದುರಿಗೆ ಇನ್ನೊಂದು ಟ್ಯಾಂಡೆಮೂ ಇಲ್ಲ. ಹಾಗಾಗಿ ಪಕ್ಕದ ಮನೆಯ ಹುಡುಗನನ್ನು ಕರೆದೆವು. ಕಾಲೇಜಿಗೆ ಹೋಗುವವನು, ಗೇರ್ ಸೈಕಲ್ ಇದೆ. ಎರಡು ಸುತ್ತು, ಮೊದಲು ಗೆರೆ ದಾಟಿದವರು ಗೆದ್ದ ಹಾಗೆ. ಭಾನುವಾರ ಬೆಳಗ್ಗೆ ನೋಡಲು ಜನವೂ ಸೇರಿತ್ತು.

ಹೊರಡುವಾಗಲೇ ಜಾಗ್ರತೆ ಬೇಕು. ಅತ್ತಿಗೆ ಬ್ರೇಕ್ ಹಿಡಿದು ಎರಡೂ ಕಾಲು ಊರಿ ನಿಲ್ಲುತ್ತಾರೆ. ನಾನು ಹತ್ತಿ ಕೂತು ಪೆಡಲನ್ನು ಸರಿಯಾದ ಜಾಗಕ್ಕೆ ತರುತ್ತೇನೆ. ಇಬ್ಬರ ಪೆಡಲಿಗೂ ಒಂದೇ ಚೈನಿನ ನಂಟು. ಅವರು ತುಳಿಯುವುದು ನಿಲ್ಲಿಸಿದರೆ ನನ್ನ ಕಾಲೂ ನಿಲ್ಲುತ್ತದೆ. ನನ್ನ ಹ್ಯಾಂಡಲ್ ತಿರುಗುವುದೇ ಇಲ್ಲ, ಅದು ಬರೀ ಹಿಡಿದುಕೊಳ್ಳಲಿಕ್ಕೆ. ತಿರುವಿನಲ್ಲಿ ಸೈಕಲ್ ವಾಲಿದ ಕಡೆಗೇ ನಾನೂ ವಾಲಬೇಕು. ಹೆದರಿ ಮೈ ಆಚೆಗೆ ಎಳೆದರೆ ಅತ್ತಿಗೆಗೆ ಸೈಕಲ್ ತಿರುಗಿಸುವುದೇ ಕಷ್ಟ.

"ತಿರುವು," ಅಂದರು. ವಾಲಿದೆ. "ನೇರ." ತುಳಿದೆ. ಎರಡನೇ ಸುತ್ತಿನ ಕೊನೆಯ ನೇರ ದಾರಿಗೆ ಬಂದಾಗ "ಈಗ!" ಅಂದರು. ಅಷ್ಟರಲ್ಲಿ ಬಲಗಡೆಯಿಂದ ಕಟಕಟಕಟ ಅಂತ ಸದ್ದು. ಹುಡುಗನ ಹಿಂದಿನ ಚಕ್ರದ್ದು. ತುಳಿಯುವುದನ್ನು ನಿಲ್ಲಿಸಿದರೆ ಮಾತ್ರ ಬರುವ ಸದ್ದು ಅದು. ನಾವು ಗೆರೆ ದಾಟಿದೆವು. ಚಪ್ಪಾಳೆಯೋ ಚಪ್ಪಾಳೆ. "ಪಾಪ, ಕಣ್ಣು ಕಾಣದಿದ್ರೂ ಎಷ್ಟು ಧೈರ್ಯ!" ಅಂತ ಯಾರೋ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು.

"ತುಳಿಯೋದು ಯಾಕೆ ನಿಲ್ಸಿದೆ?" ಅಂತ ಕೇಳಿದೆ.

ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?"

"ಕೇಳ್ತದೆ ಮಾರಾಯ. ಇನ್ನೊಂದು ಸಲ ಹೋಗುವ. ಈ ಸಲ ಬಿಡಬೇಡ."

ಅವನ ಮನಸ್ಸು ಕೆಟ್ಟದ್ದಲ್ಲ, ಗೊತ್ತು. ಆದರೆ ನಮ್ಮಂಥವರಿಗೆ ಸಿಗುವುದೆಲ್ಲ ಹೀಗೆಯೇ ಅಲ್ವಾ? ಜಾಥಾಕ್ಕೆ ಕರೆಯುತ್ತಾರೆ, ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಪಂದ್ಯಕ್ಕೆ ಕರೆಯುವವರು ಕಡಿಮೆ. ಸೋಲುವ ಅವಕಾಶವೇ ಇಲ್ಲದ ಕಡೆ ಗೆದ್ದರೆ ಅದು ನನ್ನ ಗೆಲುವು ಹೇಗಾಗುತ್ತದೆ? ಥಾರ್ನ್‌ಹಿಲ್‌ಗೆ ಯಾರೂ ಬಿಟ್ಟುಕೊಡಲಿಲ್ಲ.

ಎರಡನೇ ಓಟದಲ್ಲಿ ಅವನು ನಿಜವಾಗಿ ತುಳಿದ. ಟ್ಯಾಂಡೆಮ್ ಉದ್ದ, ಭಾರ. ವೇಗ ಹಿಡಿಯಲು ಹೊತ್ತು ಬೇಕು. ಮಣ್ಣಿನ ತಿರುವಿನಲ್ಲಿ ಒಂಟಿ ಸೈಕಲ್ಲಿನಷ್ಟು ಚುರುಕಾಗಿ ತಿರುಗುವುದೂ ಇಲ್ಲ. ಆದರೆ ನೇರ ದಾರಿ ಸಿಕ್ಕಿದರೆ ಇಬ್ಬರ ಬಲ ಒಟ್ಟಾಗುತ್ತದೆ, ಗಾಳಿ ಹೊಡೆಯುವುದು ಹೆಚ್ಚಾಗಿ ಮುಂದಿನವರಿಗೆ. ಕೊನೆಯ ತಿರುವು ಕಳೆದ ಮೇಲೆ ಅವನ ಉಸಿರು ಹತ್ತಿರ ಹತ್ತಿರ ಬಂತು. ನನ್ನ ಮೊಣಕೈಗೆ ಸರಿಯಾಗಿ ಬಂತು. ಚಕ್ರದ ಕಟಕಟ ಇಲ್ಲವೇ ಇಲ್ಲ. ತೊಡೆ ಉರಿಯುತ್ತಿತ್ತು, ಬಾಯಿಯೆಲ್ಲ ಧೂಳು. ಇನ್ನೊಂದಿಷ್ಟು ದಾರಿ ಇದ್ದಿದ್ದರೆ ದಾಟಿಬಿಡುತ್ತಿದ್ದೆವು.

"ಅರ್ಧ ಚಕ್ರ," ಅಂದರು ಅತ್ತಿಗೆ, ಏದುಸಿರಿನಲ್ಲಿ. "ಅವನೇ ಮುಂದೆ."

ಈ ಸಲ ಚಪ್ಪಾಳೆ ಕಡಿಮೆ. ನನಗೆ ಮಾತ್ರ ಮೈಯೆಲ್ಲ ಖುಷಿ. ಅಲ್ಲೇ ನೆಲದಲ್ಲಿ ಕೂತು ಲೆಕ್ಕ ಹಾಕಲು ಶುರು ಮಾಡಿದೆವು. ಸೀಟಿನಿಂದ ಎದ್ದು ತುಳಿದದ್ದು ತಡವಾಯಿತು ಅಂತ ಅತ್ತಿಗೆ. ತಿರುವಿಗೆ ಮೊದಲೇ ವೇಗ ಹಿಡಿಯಬೇಕಿತ್ತು ಅಂತ ನಾನು. ಹುಡುಗ ನೀರಿನ ಬಾಟಲಿ ತಂದು ನನ್ನ ಕೈಗೆ ಕೊಟ್ಟ.

"ಮುಂದಿನ ಭಾನುವಾರ ಬರ್ತೀಯಾ?"

"ಬರ್ತೇನೆ ಅಕ್ಕ. ನನ್ನ ಫ್ರೆಂಡನ್ನೂ ಕರ್ಕೊಂಡು ಬರ್ತೇನೆ. ಅವನು ನನಗಿಂತ ಫಾಸ್ಟು."