ಮುಂದಿನ ಹಬ್ ಬೇರಿಂಗ್: ಬಿಗಿ ಎಷ್ಟು, ಸಡಿಲ ಎಷ್ಟು?

ಹಳೇ ಟೊಯೊಟಾ ಲ್ಯಾಂಡ್ ಕ್ರೂಸರ್ 60 ಗಾಡಿ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ವೇಗ ಏರಿದ ಹಾಗೆ ಮುಂದಿನಿಂದ ಗುಂಯ್ ಅಂತ ಶುರುವಾಗುತ್ತದೆ. ಟೈರ್ ಸದ್ದು ಇರಬೇಕು ಅಂತ ಸುಮ್ನೆ ಬಿಡುತ್ತೇವೆ. ಎಡಕ್ಕೆ ತಿರುಗಿಸಿದಾಗ ಜಾಸ್ತಿ ಆಗಿ, ಬಲಕ್ಕೆ ತಿರುಗಿಸಿದಾಗ ಕಮ್ಮಿ ಆದರೆ ಅನುಮಾನ ಬಲಗಡೆ ಹಬ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ರೋಲರ್ ಉಂಗುರ) ಮೇಲೆ ಬರಬೇಕು. ಎಡ ತಿರುವಿನಲ್ಲಿ ಗಾಡಿಯ ಭಾರ ಬಲಕ್ಕೆ ವಾಲುತ್ತದೆ, ಅಷ್ಟೇ ಲೆಕ್ಕ.

ಹಬ್ ಬಿಚ್ಚುವ ಮೊದಲು ಒಂದು ಪರೀಕ್ಷೆ. ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಪ್ಲೇ, ಅಂದರೆ ಸಡಿಲ, ಇದೆ. ಆದರೆ ಅದು ಚಕ್ರದ ಬೇರಿಂಗಿನದ್ದೋ, ಚಕ್ರವನ್ನು ಎಡ ಬಲ ತಿರುಗಿಸುವ ಕೀಲಾದ ನಕಲ್‌ನ ಕಿಂಗ್‌ಪಿನ್ ಬೇರಿಂಗಿನದ್ದೋ? ನಾನು ಮಗಳನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸುತ್ತೇನೆ. "ಒತ್ತಿದೀನಿ ಅಪ್ಪಾ" ಅಂದ ಮೇಲೆ ಮತ್ತೆ ಅಲ್ಲಾಡಿಸುತ್ತೇನೆ. ಪ್ಲೇ ಮಾಯವಾದರೆ ಚಕ್ರದ ಬೇರಿಂಗ್. ಬ್ರೇಕ್ ಹಿಡಿದರೂ ಹಾಗೇ ಇದ್ದರೆ ಕಿಂಗ್‌ಪಿನ್. ಇದನ್ನು ನೋಡದೆ ಹೊಸ ಬೇರಿಂಗ್ ತಂದವರು, ಹಾಕಿದ ಮೇಲೂ ಅದೇ ಟಕ್ ಟಕ್ ಕೇಳಿ ತಲೆ ಕೆರೆದುಕೊಳ್ಳುತ್ತಾರೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಗಲೀಜಿನದ್ದು. ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಬ್ರೇಕ್ ಭಾಗ) ಕಳಚಿದರೆ ತಂತಿಯಲ್ಲಿ ಕಟ್ಟಿ ತೂಗುಹಾಕಿ, ಹೋಸ್ ಮೇಲೆ ಭಾರ ಬೀಳಬಾರದು. ಫ್ರೀವೀಲ್ ಹಬ್ಬಿನ (ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಭಾಗ) ಮುಚ್ಚಳ ತೆಗೆದರೆ ಆಕ್ಸಲ್ ತುದಿಯಲ್ಲಿ ಸರ್ಕ್ಲಿಪ್ (ಸೀಳಿದ ಸ್ಪ್ರಿಂಗ್ ಉಂಗುರ) ಕಾಣುತ್ತದೆ. ಶಾಫ್ಟ್ ತುದಿಯ ತೂತಿಗೆ ಒಂದು ಬೋಲ್ಟ್ ಹಾಕಿ ಹೊರಕ್ಕೆ ಎಳೆದು ಹಿಡಿದರೆ ಸರ್ಕ್ಲಿಪ್ ಸಲೀಸಾಗಿ ಬರುತ್ತದೆ. ಆಮೇಲೆ ಹಬ್ ಬಾಡಿಯ ಆರು ನಟ್. ನಟ್ ಬಿಚ್ಚಿದರೂ ಬಾಡಿ ಅಲ್ಲಾಡುವುದಿಲ್ಲ. ಕಾರಣ ಸ್ಟಡ್ ಸುತ್ತ ಕಚ್ಚಿಕೊಂಡಿರುವ ಸೀಳು ಕೋನ್ ವಾಷರ್‌ಗಳು. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಹಿತ್ತಾಳೆ ಸರಳು ಇಟ್ಟು ಸ್ಟಡ್ಡಿನ ತಲೆಗೆ ಒಂದು ಗಟ್ಟಿ ಪೆಟ್ಟು ಕೊಟ್ಟರೆ ವಾಷರ್ ತಾನಾಗೇ ಪಟ್ ಅಂತ ಸಡಿಲವಾಗುತ್ತದೆ. ಸ್ಟಡ್ ಥ್ರೆಡ್ ಉಳಿಯಬೇಕಂದರೆ ನಟ್ ಒಂದೆರಡು ಸುತ್ತು ಇಟ್ಟುಕೊಂಡೇ ಹೊಡೆಯಿರಿ.

ಈಗ ಸ್ಪಿಂಡಲ್ ನಟ್, ಅಂದರೆ ಬೇರಿಂಗನ್ನು ಒತ್ತಿ ಹಿಡಿಯುವ ನಟ್. ಎರಡು ನಟ್, ನಡುವೆ ಕಿವಿ ಮಡಚಿದ ಲಾಕ್ ವಾಷರ್. ಅಳತೆ 54 ಮಿ.ಮೀ. ಈ ಸಾಕೆಟ್ ಇಲ್ಲದ ಕೈಗಳೆಲ್ಲ ಉಳಿ ಸುತ್ತಿಗೆ ಹಿಡಿದು ನಟ್ ತಿರುಗಿಸಿರುತ್ತವೆ. ನನ್ನ ಗಾಡಿಯ ನಟ್ ಮೇಲೆ ಆರೂ ಮೂಲೆಯಲ್ಲಿ ಉಳಿ ಏಟಿನ ಗುಳಿ ಇತ್ತು, ಎರಡು ಮೂಲೆ ಪೂರ್ತಿ ಸುರುಳಿ ಸುತ್ತಿಕೊಂಡಿದ್ದವು. ಹಾಗೆ ಹೊಡೆದು ಕೂರಿಸಿದ ನಟ್‌ನ ಬಿಗಿ ಎಷ್ಟು ಅಂತ ಯಾರಿಗೆ ಗೊತ್ತಾಗುತ್ತದೆ? ಸಾಕೆಟ್ ಕೊಳ್ಳಿ, ಅದರ ಬಗ್ಗೆ ಚರ್ಚೆಯೇ ಬೇಡ.

ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಏರ್ ಹೊಡೆದು ಗಿರಗಿರ ತಿರುಗಿಸುವ ಆಟ ಬೇಡ, ಒಣ ರೋಲರ್ ಆ ವೇಗಕ್ಕೆ ಹಾಳಾಗುತ್ತದೆ, ಕೆಲವೊಮ್ಮೆ ಕೇಜ್ (ರೋಲರ್ ಹಿಡಿದಿಡುವ ಚೌಕಟ್ಟು) ಬಿಟ್ಟು ಹಾರುತ್ತದೆ. ಕಪ್ಪಿನ (ರೋಲರ್ ಓಡುವ ಹೊರ ಉಂಗುರ) ಒಳಮೈ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಬದಲಿಸಿ. ನೀಲಿ ಬಣ್ಣ ತಿರುಗಿದ್ದರೆ ಕಾದು ಹೋಗಿದೆ ಎಂದರ್ಥ, ಅದನ್ನೂ ಬಿಸಾಡಿ. ಹಳೇ ಕಪ್ಪಿಗೆ ಹೊಸ ರೋಲರ್ ಹಾಕಬೇಡಿ, ಎರಡೂ ಜೊತೆಗೇ ಬದಲಾಗಬೇಕು. ಹೊಸ ಕಪ್ ಕೂರಿಸುವಾಗ ಕಿವಿ ತೆರೆದಿಡಿ. ಪೆಟ್ಟು ಬೀಳುತ್ತಿದ್ದ ಹಾಗೆ ಮೊದಲು ಟಣ್ ಅನ್ನುತ್ತದೆ, ತಳ ಮುಟ್ಟಿದ ಕ್ಷಣ ಸದ್ದು ಗಟ್ಟಿಯಾಗಿ ದಬ್ ಅಂತ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡಿಸ್ಕ್ ಬ್ರೇಕಿನ ಬಿಸಿ ತಡೆಯುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್, ದಪ್ಪದಲ್ಲಿ ನಂಬರ್ 2. ಹಳೇದು ಯಾವ ಜಾತಿಯದ್ದೋ ತಿಳಿಯದಿದ್ದರೆ ಪೂರ್ತಿ ತೊಳೆದೇ ಹೊಸದು ಹಾಕಿ, ಏಕೆಂದರೆ ಹೊಂದದ ಗ್ರೀಸ್‌ಗಳು ಬೆರೆತರೆ ನೀರಾಗಬಹುದು. ಅಂಗೈ ಮೇಲೆ ಗ್ರೀಸ್ ಇಟ್ಟು, ಬೇರಿಂಗಿನ ಅಗಲ ತುದಿಯನ್ನು ಒತ್ತುತ್ತಾ ಹೋಗಿ, ಇನ್ನೊಂದು ತುದಿಯಿಂದ ರೋಲರ್ ಸಂದಿಯಲ್ಲಿ ಗ್ರೀಸ್ ಇಣುಕಬೇಕು. ಆಯಿಲ್ ಸೀಲ್ ಹೊಸದೇ ಹಾಕಿ, ತುಟಿಗೆ ಸ್ವಲ್ಪ ಸವರಿ.

ಇನ್ನು ನಿಜವಾದ ವಿಷಯ, ಬಿಗಿ. ಎಲ್ಲರಿಗೂ ಜಾಸ್ತಿ ಬಿಗಿಯಾದರೆ ಎಂಬ ಹೆದರಿಕೆ. ಹಾಗಾಗಿ ನಟ್ ಕೈಯಲ್ಲಿ ತಿರುಗಿಸಿ, ಅರ್ಧ ಸುತ್ತು ಹಿಂದೆ ಬಿಟ್ಟು, ಸಾಕು ಅನ್ನುತ್ತಾರೆ. ನನ್ನ ಮಟ್ಟಿಗೆ ಸಡಿಲವೇ ದೊಡ್ಡ ಶತ್ರು. ಓರೆ ರೋಲರ್ ಇರುವ ಟೇಪರ್ ಬೇರಿಂಗ್‌ಗಳು ಎದುರುಬದುರು ಕೂತು ಭಾರ ಹಂಚಿಕೊಳ್ಳುತ್ತವೆ. ಸಡಿಲವಾದರೆ ಕೆಳಗಿನ ಕೆಲವೇ ರೋಲರ್‌ಗಳು ಎಲ್ಲಾ ಭಾರ ಹೊರುತ್ತವೆ, ಗುಂಡಿಗೆ ಬಿದ್ದಾಗಲೆಲ್ಲ ಕಪ್ ಮೇಲೆ ಸುತ್ತಿಗೆ ಏಟು. ಡಿಸ್ಕ್ ವಾಲಾಡಿ ಪ್ಯಾಡ್ ಹಿಂದಕ್ಕೆ ತಳ್ಳುತ್ತದೆ, ಬ್ರೇಕಿನ ಮೊದಲ ಒತ್ತು ಆಳಕ್ಕೆ ಹೋಗುತ್ತದೆ. ಬ್ರೇಕ್ ಸರಿ ಇಲ್ಲ ಅಂತ ಮಾಸ್ಟರ್ ಸಿಲಿಂಡರ್ ಬದಲಿಸಿದವರೂ ಇರುತ್ತಾರೆ, ಅಲ್ವಾ?

ನಾನು ಮಾಡೋದು ಹೀಗೆ. ಒಳಗಿನ ನಟ್ ಸುಮಾರು 60 ನ್ಯೂಟನ್ ಮೀಟರ್ ಬಿಗಿ ಮಾಡಿ, ಹಬ್ಬನ್ನು ಎರಡೂ ಕಡೆಗೆ ತಿರುಗಿಸಿ, ರೋಲರ್‌ಗಳು ಸರಿಯಾಗಿ ಕೂರುವಂತೆ ಮಾಡುತ್ತೇನೆ. ಪುನಃ ಬಿಗಿ. ಆಮೇಲೆ ನಟ್ ಕೈಯಲ್ಲಿ ತಿರುಗುವಷ್ಟು ಬಿಟ್ಟು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಸ್ಪ್ರಿಂಗ್ ತಕ್ಕಡಿಯನ್ನು ಚಕ್ರದ ಸ್ಟಡ್ಡಿಗೆ ಕೊಕ್ಕೆ ಹಾಕಿ ಎಳೆಯುತ್ತೇನೆ. ಹಬ್ ಅಲುಗಲು ಶುರುವಾಗುವ ಹೊತ್ತಿಗೆ ಮುಳ್ಳು 3ರಿಂದ 5 ಕಿಲೋ ಒಳಗೆ ಇರಬೇಕು, ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳುವ ಅಂಕಿಯೇ ಕೊನೆ ಮಾತು. ಆ ಹೊತ್ತಿಗೆ ಪ್ಯಾಡ್ ಡಿಸ್ಕಿಗೆ ತಾಗಿರಬಾರದು. ಹೊಸ ಸೀಲಿನ ಹಿಡಿತವೂ ಆ ಅಂಕಿಯಲ್ಲಿ ಸೇರುತ್ತದೆ, ನೆನಪಿರಲಿ.

ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಹೊರಗಿನ ನಟ್ ಒತ್ತಿದಾಗ ಒಳಗಿನದು ಥ್ರೆಡ್ ಸಂದಿಯಷ್ಟು ಒಳಕ್ಕೆ ಸರಿಯುತ್ತದೆ, ಬಿಗಿ ಏರುತ್ತದೆ. ಸರಿ ಬರುವವರೆಗೆ ಬಿಚ್ಚಿ ಹಾಕೋದು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಸರಿ ಬಂದ ಮೇಲೆ ವಾಷರಿನ ಒಂದು ಕಿವಿ ಒಳ ನಟ್ ಮೇಲೆ, ಇನ್ನೊಂದು ಹೊರ ನಟ್ ಮೇಲೆ ಮಡಚಿ.

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿ, ಎಡ ಬಲ ಎರಡನ್ನೂ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗಿದ್ದು ಇನ್ನೊಂದು ಕೈ ಇಡಲಾರದಷ್ಟು ಬಿಸಿ ಇದ್ದರೆ, ಬ್ರೇಕ್ ಹಿಡಿದುಕೊಂಡಿಲ್ಲ ಅಂತ ಖಚಿತ ಮಾಡಿಕೊಂಡು ಮತ್ತೆ ಬಿಚ್ಚಿ.

ಒಂದು ಮಾತು ಬಿಟ್ಟುಹೋಗಿತ್ತು. ಬಿಸಿ ಹಬ್ ಇದ್ದ ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಪಕ್ಕದಿಂದ ನೀರು ಹೀರಿಕೊಳ್ಳುತ್ತದೆ. ಗ್ರೀಸ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ. ನೀರು ದಾಟುವ ಮುಂಚೆ ಗಾಡಿ ಸ್ವಲ್ಪ ಹೊತ್ತು ನಿಲ್ಲಿಸಿ ಹಬ್ ಆರಲು ಬಿಡಿ. ಆಳದ ನೀರು ದಾಟಿ ಬಂದ ಮೇಲೆ, ಸರ್ವಿಸ್ ಗಡುವು ಬಂದಿರದಿದ್ದರೂ ಒಂದು ಕಡೆಯಾದರೂ ಬಿಚ್ಚಿ ನೋಡಿ.