ಕಂಪ್ಯೂಟರ್ ಬದಿಗಿಟ್ಟು ಟ್ಯಾಬ್ಲೆಟ್‌ನಲ್ಲಿ ಮೇಷ್ಟ್ರ ಕೆಲಸ: ಅಕ್ಟೋಬರ್‌ನಿಂದ ಮೇ ತನಕ

ಅಕ್ಟೋಬರ್

ಮನೆಯ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಪ್ರೊಸೆಸರ್ ಹಳೆಯದು, ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಕಂಪ್ಯೂಟರ್ ತರಬೇಕೋ ಬೇಡವೋ ಎಂಬ ಮಾತು ಎದ್ದದ್ದು ಆಗ.

ಅದಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ 22ಕ್ಕೆ, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗಿತ್ತು. ನಾವು ಶಿಕ್ಷಕರು ಕಲಬುರಗಿಯ ಓಣಿ ಓಣಿ ತಿರುಗಿ ಮನೆಮನೆಯ ಮಾಹಿತಿಯನ್ನು ಮೊಬೈಲ್ ಆಪ್‌ನಲ್ಲೇ ತುಂಬಿದೆವು. ಅಷ್ಟು ದೊಡ್ಡ ಕೆಲಸ ಅಂಗೈ ಅಗಲದ ಪರದೆಯಲ್ಲಿ ಆಗುತ್ತದೆ ಅಂದರೆ, ಗಣಿತ ಮೇಷ್ಟ್ರೊಬ್ಬನ ದಿನದ ಕೆಲಸ ಟ್ಯಾಬ್ಲೆಟ್‌ನಲ್ಲಿ ಆಗಬಾರದಾ ಅನ್ನಿಸಿತು. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಪಾಠ, ಕರೆಂಟ್ ಬಿಲ್ಲು, ಬ್ಯಾಂಕು. ಇಷ್ಟೇ ನನ್ನ ಲೋಕ. ಶಾಲಾ ವರ್ಷ ಮುಗಿಯುವ ತನಕ ಹಳೆ ಕಂಪ್ಯೂಟರ್ ಮುಂದೆ ಕೂರುವುದಿಲ್ಲ ಅಂತ ನಿಯಮ ಹಾಕಿಕೊಂಡೆ.

ಕೊಂಡದ್ದು 11 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್. ಬ್ಲೂಟೂತ್ ಕೀಬೋರ್ಡ್, ಮೌಸ್ ಬೇರೆ ತಂದೆ. ಪೆನ್ ಜೊತೆಗೇ ಬಂತು. ಕೊಳ್ಳುವವರು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಟೈಪ್ ಸಿ ಕಿಂಡಿ ಇದ್ದ ಮಾತ್ರಕ್ಕೆ ಪ್ರೊಜೆಕ್ಟರ್‌ಗೆ ಚಿತ್ರ ಹೋಗುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಆ ಕಿಂಡಿ ಚಾರ್ಜಿಂಗ್‌ಗೆ ಮತ್ತು ಪೆನ್‌ಡ್ರೈವ್‌ಗೆ ಮಾತ್ರ. ಚಿತ್ರ ಹೊರಗೆ ಕಳಿಸುವ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇದೆಯಾ ಅಂತ ಕೇಳಬೇಕು. ಅಂಗಡಿಯವರು "ಎಲ್ಲಾ ಬರ್ತದ ಸರ" ಅನ್ನುತ್ತಾರೆ. ಅಲ್ಲೇ ಟಿವಿಗೆ ಸಿಕ್ಕಿಸಿ ತೋರಿಸಿ ಅನ್ನಿ.

ಇನ್ನೊಂದು ಸಣ್ಣ ಲೆಕ್ಕ. ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್ ಆಪ್‌ಗಳಲ್ಲಿ ಪುಕ್ಕಟೆ ತಿದ್ದಲು ಬಿಡುವುದು 10.1 ಇಂಚು ಮತ್ತು ಅದಕ್ಕಿಂತ ಚಿಕ್ಕ ಪರದೆಗಳಲ್ಲಿ ಮಾತ್ರ. ಪರದೆ ದೊಡ್ಡದಾದರೆ ಚಂದಾ ಕಟ್ಟಬೇಕು. ಹಾಗಾಗಿ ಅವುಗಳ ಬದಲಿಗೆ ಕೊಲಬೊರಾ ಆಫೀಸ್ ಮತ್ತು ಗೂಗಲ್ ಶೀಟ್ಸ್ ಆಪ್‌ಗಳನ್ನು ಹಾಕಿಕೊಂಡೆ.

ನವೆಂಬರ್

ಮೊದಲ ವಾರ ಸುಗಮ. ಬ್ಯಾಂಕು, ಬಿಲ್ಲು, ಮೇಲ್, ಪಿಡಿಎಫ್ ಯಾವುದಕ್ಕೂ ಕಂಪ್ಯೂಟರ್ ನೆನಪಾಗಲಿಲ್ಲ. ಎಸ್‌ಎಟಿಎಸ್ ಕ್ರೋಮ್‌ನಲ್ಲಿ ತೆರೆದುಕೊಂಡಿತು, ಮೌಸ್ ಇದ್ದರೆ ಕೆಲಸ ಬೇಗ ಸಾಗುತ್ತದೆ.

ಆಮೇಲೆ ಪ್ರಶ್ನೆಪತ್ರಿಕೆಯ ಸರದಿ ಬಂತು. ಶಿಕ್ಷಕರ ಗ್ರೂಪ್‌ನಲ್ಲಿ ಬರುವ ಮಾದರಿ ಪತ್ರಿಕೆಗಳು ಮುಕ್ಕಾಲು ಪಾಲು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟ್‌ನಲ್ಲಿರುತ್ತವೆ. ಅದನ್ನು ಟ್ಯಾಬ್ಲೆಟ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೀಟು ಚುಕ್ಕೆ ಇರುವ ಯುರೋಪಿನ ಅಕ್ಷರ ಎಲ್ಲ ಕಲಸಿಟ್ಟಂತೆ ಕಾಣುತ್ತದೆ. ಸಹೋದ್ಯೋಗಿ ಮೇಡಂ ಇಣುಕಿ ನೋಡಿ, "ಸರ, ಇಷ್ಟು ರೊಕ್ಕ ಕೊಟ್ಟು ತಂದೀರಿ, ಇದ್ರಾಗ ನುಡಿ ಬರಲ್ಲೇನ್ರಿ?" ಅಂದರು.

ತಪ್ಪು ಟ್ಯಾಬ್ಲೆಟ್‌ನದ್ದಲ್ಲ. ಎಲ್ಲ ಯಂತ್ರಗಳೂ ಬಳಸುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಇದೆ. ಹಳೆ ಪದ್ಧತಿಯಲ್ಲಿ ಹಾಗಲ್ಲ. ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ನುಡಿ ಫಾಂಟ್ ಅದರ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ಒಳಗಿನ ಸಂಕೇತ ಬಯಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ನಮಗೆ ಬೇಕಾದ ಫಾಂಟ್‌ ತಂದು ಎಲ್ಲ ಆಪ್‌ಗೂ ಸಿಗುವ ಹಾಗೆ ಹಾಕಲು ವಿಂಡೋಸ್‌ನಷ್ಟು ನೇರ ದಾರಿ ಇಲ್ಲ. ಐಪ್ಯಾಡ್‌ನಲ್ಲಿ 2019ರ ಐಪ್ಯಾಡ್‌ಓಎಸ್ 13ರಿಂದ ಆಪ್ ಮೂಲಕ ಫಾಂಟ್ ಹಾಕಬಹುದು.

ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿದರೆ ಆಯಿತಲ್ಲ ಅನ್ನುತ್ತೀರಿ. ಕನ್ನಡ ಮೇಷ್ಟ್ರಿಗೆ ಆಗುತ್ತದೆ. ಗಣಿತದವನಿಗೆ ಅಲ್ಲೇ ಕುತ್ತು. ಪರಿವರ್ತಕದ ಕಣ್ಣಿಗೆ ಎಲ್ಲ ಇಂಗ್ಲಿಷ್ ಅಕ್ಷರವೂ ನುಡಿಯದೇ. ಬೀಜಗಣಿತದ ಎಕ್ಸ್ ಇದ್ದ ಕಡೆಯೆಲ್ಲ ಥ್ ಬಂದು ಕೂತಿತು. ನುಡಿ ಫಾಂಟ್‌ನಲ್ಲಿ ಥಕಾರದ ರೂಪ ಎಕ್ಸ್ ಅಕ್ಷರದ ಸಂಕೇತಕ್ಕೇ ಇರುವುದರಿಂದ ಹೀಗೆ. ವರ್ಗದ ಸಣ್ಣ 2 ಕೆಳಗಿಳಿದು ದೊಡ್ಡ 2 ಆಯಿತು. "ಥ್2 ಅನ್ನು ಅಪವರ್ತಿಸಿ" ಅಂತ ಹತ್ತನೇ ತರಗತಿ ಮಕ್ಕಳಿಗೆ ಕೊಟ್ಟರೆ ಶಾಲೆಗೇ ಹೆಸರು ಬರುತ್ತದೆ!

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ನುಡಿಯಲ್ಲೇ ಯುನಿಕೋಡ್‌ನಲ್ಲಿ ಟೈಪ್ ಮಾಡುವ ಆಯ್ಕೆ ಎಷ್ಟೋ ವರ್ಷದಿಂದ ಇದೆ. ಒಂದು ಗುಂಡಿ ಒತ್ತಿ ಬದಲಿಸಿಕೊಂಡರೆ ಇಡೀ ತೊಂದರೆ ಹುಟ್ಟುವುದೇ ಇಲ್ಲ. ಆದರೂ ಹೊಸ ಪತ್ರಿಕೆಗಳು ಇವತ್ತಿಗೂ ಹಳೆ ಪದ್ಧತಿಯಲ್ಲೇ ಬರುತ್ತಿವೆ. ಟ್ಯಾಬ್ಲೆಟ್ ಕಂಪ್ಯೂಟರ್‌ನ ಜಾಗ ತುಂಬುತ್ತದಾ ಎಂಬ ಪ್ರಶ್ನೆಗೆ ನಮ್ಮ ಕಡೆ ಅರ್ಧ ಉತ್ತರ ಈ ಅಭ್ಯಾಸದಲ್ಲೇ ಇದೆ.

ಡಿಸೆಂಬರ್

ಕನ್ನಡ ಟೈಪಿಂಗ್ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು. ನನ್ನ ಬೆರಳು ಕಲಿತದ್ದು ನುಡಿ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಪರದೆ ಮೇಲೆ ಟೈಪ್ ಮಾಡಲು ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಆಪ್ ಸಾಕು. ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೆ ಮಾತ್ರ ಅಕ್ಷರ ಇಂಗ್ಲಿಷ್‌ನಲ್ಲೇ ಬೀಳುತ್ತಿತ್ತು. ನನ್ನ ಟ್ಯಾಬ್ಲೆಟ್‌ನ ಸೆಟ್ಟಿಂಗ್‌ನಲ್ಲಿ ಹುಡುಕಿದರೂ ಈ ವಿನ್ಯಾಸ ಸಿಗಲಿಲ್ಲ. ಒಂದು ಆಪ್ ಹಾಕಿದ ಮೇಲೆ ದಾರಿಗೆ ಬಂತು. ಈಗ ವೇಗ ಮೊದಲಿನಷ್ಟೇ ಇದೆ.

ಮಾತಿನಿಂದ ಟೈಪ್ ಮಾಡುವುದು ಚೆನ್ನಾಗಿದೆ. ಗೂಗಲ್ 2017ರಲ್ಲಿ ಕನ್ನಡಕ್ಕೆ ಈ ಸೌಲಭ್ಯ ತಂದಿತು. ಪುಸ್ತಕದ ಕನ್ನಡ ಮಾತಾಡಿದರೆ ಚಾಚೂ ತಪ್ಪದೆ ಬರೆಯುತ್ತದೆ. "ಹುಡುಗರು ಬರ್ಲಾಕತ್ತಾರ" ಅಂದರೆ ತಬ್ಬಿಬ್ಬಾಗುತ್ತದೆ. ಪಾಠದ ಟಿಪ್ಪಣಿ ಹೇಳಿ ಬರೆಸುವಾಗ ನಾನು ರೇಡಿಯೋ ವಾರ್ತೆ ಓದುವ ಹಾಗೆ ಕೇಳಿಸುತ್ತೇನೆ ಅಂತ ಮನೆಯವರ ತಮಾಷೆ.

ಸಮೀಕರಣದ ಕತೆ ಅಷ್ಟು ಸುಖವಾಗಿಲ್ಲ. ಗೂಗಲ್ ಡಾಕ್ಸ್ ಆಪ್‌ನಲ್ಲಿ ಸಮೀಕರಣ ಹಾಕುವ ಜಾಗ ನನಗೆ ಸಿಗಲಿಲ್ಲ. ಭಿನ್ನರಾಶಿ, ವರ್ಗಮೂಲ ಎಲ್ಲ ಪೆನ್‌ನಲ್ಲಿ ಬರೆದು ಚಿತ್ರ ಮಾಡಿ ಅಂಟಿಸಿದೆ. ರೇಖಾಗಣಿತದ ಚಿತ್ರ ಪೆನ್‌ನಲ್ಲಿ, ಜಿಯೋಜೀಬ್ರಾ ಎಂಬ ಗಣಿತದ ಆಪ್‌ನಲ್ಲಿ ಎರಡು ನಿಮಿಷದ ಕೆಲಸ. ಮೌಸ್‌ನಲ್ಲಿ ತ್ರಿಭುಜ ಎಳೆಯುತ್ತಾ ಕೂತ ಸಂಜೆಗಳ ನೆನಪಿದ್ದವರಿಗೆ ಇದರ ಬೆಲೆ ಗೊತ್ತು.

ಜನವರಿ

ಅಂಕಪಟ್ಟಿ ಮತ್ತು ಪ್ರಿಂಟರ್. ಎರಡೂ ಒಂದೇ ತಿಂಗಳು ತಲೆ ತಿಂದವು.

ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆ) ಅಂಕ ತುಂಬಿದರೆ ಗ್ರೇಡು ತಾನೇ ಬರುವ ಎಕ್ಸೆಲ್ ಫೈಲ್ ಒಂದು ನಮ್ಮ ಶಿಕ್ಷಕರ ನಡುವೆ ಓಡಾಡುತ್ತಿದೆ. ಒಳಗೆ ಮ್ಯಾಕ್ರೋ ಇದೆ, ಅಂದರೆ ಗುಂಡಿ ಒತ್ತಿದರೆ ಓಡುವ ಸಣ್ಣ ಪ್ರೋಗ್ರಾಂ. ಮ್ಯಾಕ್ರೋ ಆಂಡ್ರಾಯ್ಡ್‌ನ ಎಕ್ಸೆಲ್‌ನಲ್ಲೂ ಓಡುವುದಿಲ್ಲ, ಐಪ್ಯಾಡ್‌ನಲ್ಲೂ ಓಡುವುದಿಲ್ಲ. ಗುಂಡಿ ಕಾಣುತ್ತದೆ, ಒತ್ತಿದರೆ ಸುಮ್ನೆ ಇರುತ್ತದೆ. ಅದನ್ನು ಗೂಗಲ್ ಶೀಟ್ಸ್‌ನಲ್ಲಿ ಬರೀ ಸೂತ್ರ ಹಾಕಿ ಮೊದಲಿಂದ ಕಟ್ಟಿದೆ. ಒಂದು ಭಾನುವಾರ ಹೋಯಿತು. ಈಗ ಮೊಬೈಲ್‌ನಲ್ಲೂ ತೆರೆಯುತ್ತದೆ, ಹಾಗಾಗಿ ಇನ್ನಿಬ್ಬರು ಇಸಿದುಕೊಂಡರು.

ಪ್ರಿಂಟರ್ ಮನೆಯಲ್ಲಿರುವುದು ಹಳೆ ಯುಎಸ್‌ಬಿ ಲೇಸರ್. ಇಂಥ ಅಗ್ಗದ ಪ್ರಿಂಟರ್‌ಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟದ ಚುಕ್ಕೆ ಚುಕ್ಕೆಯನ್ನೂ ಕಂಪ್ಯೂಟರಿನ ಡ್ರೈವರ್ ಲೆಕ್ಕ ಹಾಕಿ ಕಳಿಸಬೇಕು. ಕೆಲವಕ್ಕೆ ಸ್ವಿಚ್ ಹಾಕಿದಾಗಲೆಲ್ಲ ಒಳಗಿನ ತಂತ್ರಾಂಶವನ್ನೂ ಕಂಪ್ಯೂಟರೇ ತುಂಬಬೇಕು. ಟ್ಯಾಬ್ಲೆಟ್‌ನಲ್ಲಿ ಆ ಡ್ರೈವರ್ ಇಲ್ಲ. ವೈಫೈ ಇರುವ ಹೊಸ ಪ್ರಿಂಟರ್ ತಂದರೆ ಮುಗಿಯಿತು. ಆದರೆ ಇದರ ಟೋನರ್ ಎರಡು ಬೀರುವಿನಲ್ಲಿ ಇದೆ, ಯಂತ್ರ ಗಟ್ಟಿಮುಟ್ಟಾಗಿದೆ.

ಅದಕ್ಕೆ ಹಳೆ ಕಂಪ್ಯೂಟರ್‌ಗೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಮಾನಿಟರ್ ಕಿತ್ತು, ಮೇಜಿನ ಕೆಳಗೆ ತಳ್ಳಿದೆ. ಪ್ರಿಂಟರ್ ಅದಕ್ಕೆ ಸೇರಿದೆ. ಕಪ್ಸ್ ಎಂಬ ತಂತ್ರಾಂಶ ಆ ಪ್ರಿಂಟರ್ ಅನ್ನು ಮನೆಯ ವೈಫೈ ಮೇಲೆ ಹಂಚುತ್ತದೆ. ಟ್ಯಾಬ್ಲೆಟ್ ತಾನೇ ಹುಡುಕಿಕೊಂಡು ಪ್ರಿಂಟ್ ಕಳಿಸುತ್ತದೆ. ನಿಯಮಕ್ಕೆ ಧಕ್ಕೆ ಇಲ್ಲ, ಅದರ ಮುಂದೆ ನಾನು ಕೂರುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ನುಡಿ ಫಾಂಟೂ ಇದೆ, ವರ್ಡ್ ಫೈಲ್ ತೆರೆಯುವ ಲಿಬ್ರೆ ಆಫೀಸೂ ಇದೆ. ಹಳೆ ಪ್ರಶ್ನೆಪತ್ರಿಕೆ ನೋಡಬೇಕಾದರೆ ಟ್ಯಾಬ್ಲೆಟ್‌ನಿಂದಲೇ ರಿಮೋಟ್‌ನಲ್ಲಿ ಅದರೊಳಗೆ ಹೋಗುತ್ತೇನೆ.

ಹಾಗಾದರೆ ಕಂಪ್ಯೂಟರ್ ಹೋಯಿತು ಅನ್ನಬಹುದಾ? ನನ್ನ ಲೆಕ್ಕದಲ್ಲಿ ಕುರ್ಚಿ ಮೇಜು ಹೋಯಿತು, ಕಂಪ್ಯೂಟರ್ ಹೋಗಲಿಲ್ಲ. ಟ್ಯಾಬ್ಲೆಟ್‌ಗೆ ಬಲ ಸಾಲದು ಎಂಬ ಮಾತು ಈಗ ಹಳೆಯದು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ತಂದ ಅಗ್ಗದ ಆಕಾಶ್ ಟ್ಯಾಬ್ಲೆಟ್‌ನಲ್ಲಿ 256 ಎಂಬಿ ರ್‍ಯಾಮ್ ಇತ್ತು, ಪರದೆಯನ್ನು ಉಗುರಿನಿಂದ ಒತ್ತಬೇಕಿತ್ತು. ಆಗ ಆ ಮಾತು ಸರಿ. ಈಗಿನ ಮಧ್ಯಮ ಬೆಲೆಯದ್ದು ನನ್ನ ಹಳೆ ಕಂಪ್ಯೂಟರ್‌ಗಿಂತ ಚುರುಕು. ತೊಡಕಿರುವುದು ಸುತ್ತಲಿನ ಸಾಮಾನಿನಲ್ಲಿ. ಫಾಂಟು, ಮ್ಯಾಕ್ರೋ, ಪ್ರಿಂಟರ್ ಎಲ್ಲವೂ ವಿಂಡೋಸ್ ಇದ್ದೇ ಇರುತ್ತದೆ ಎಂದು ನಂಬಿ ಕೂತಿವೆ.

2010ರಲ್ಲಿ ಸ್ಟೀವ್ ಜಾಬ್ಸ್ ಕಂಪ್ಯೂಟರ್ ಅನ್ನು ಲಾರಿಗೆ ಹೋಲಿಸಿದ್ದರು. ಲಾರಿ ಇರುತ್ತದೆ, ಆದರೆ ಹೆಚ್ಚು ಜನರಿಗೆ ಕಾರೇ ಸಾಕಾಗುತ್ತದೆ ಎಂಬ ಅರ್ಥದಲ್ಲಿ. ನಮ್ಮೂರ ಮಟ್ಟಿಗೆ ನಾನು ಟ್ಯಾಬ್ಲೆಟ್ ಅನ್ನು ಟಂಟಂ, ಅಂದರೆ ಶೇರ್ ಆಟೋ, ಅನ್ನುತ್ತೇನೆ. ಕೂರಿಸಬೇಕಾದ್ದಕ್ಕಿಂತ ಜಾಸ್ತಿ ಕೂರಿಸಿಕೊಂಡು, ಹೇಗೋ ಊರಿನ ಸೂಪರ್ ಮಾರ್ಕೆಟ್ ಬಜಾರು ಮುಟ್ಟಿಸುತ್ತದೆ.

ಫೆಬ್ರವರಿ, ಮಾರ್ಚ್

ಎಸ್‌ಎಸ್‌ಎಲ್‌ಸಿ ತಯಾರಿ. ಇಲ್ಲಿ ಟ್ಯಾಬ್ಲೆಟ್ ಗೆದ್ದಿತು, ಅನುಮಾನವೇ ಬೇಡ. ಪೆನ್‌ನಲ್ಲಿ ಲೆಕ್ಕ ಬಿಡಿಸುತ್ತಾ ಪರದೆ ಮತ್ತು ದನಿ ಎರಡನ್ನೂ ರೆಕಾರ್ಡ್ ಮಾಡಿ ಮಕ್ಕಳ ಗ್ರೂಪ್‌ಗೆ ಹಾಕಿದೆ. ಕಂಪ್ಯೂಟರ್‌ನಲ್ಲಿ ಇದನ್ನು ನಾನು ಮಾಡಿದ್ದೇ ಇಲ್ಲ. ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಕೇಬಲ್ ಸಿಕ್ಕಿಸಿದರೆ ಸಾಕು. ಕರೆಂಟ್ ಹೋದರೆ ಟ್ಯಾಬ್ಲೆಟ್ ನಿಲ್ಲುವುದಿಲ್ಲ, ಪ್ರೊಜೆಕ್ಟರ್ ನಿಲ್ಲುತ್ತದೆ. ಆಗ ಕರಿಹಲಗೆಯೇ ಗತಿ. ಮನೆಯಲ್ಲಿ ಮಾತ್ರ ಕರೆಂಟ್ ಹೋದಾಗ ಯುಪಿಎಸ್ ಕೂಗುವುದು, ಓಡಿ ಹೋಗಿ ಫೈಲ್ ಉಳಿಸುವುದು ತಪ್ಪಿತು.

ಏಪ್ರಿಲ್, ಮೇ

ಇದನ್ನು ಬೆಂಗಳೂರಿನವರು ಬರೆದ ವಿಮರ್ಶೆಗಳಲ್ಲಿ ಓದಲು ಸಿಗುವುದಿಲ್ಲ. ಕಲಬುರಗಿಯ ಬಿಸಿಲು.

ಆಪಲ್ ತನ್ನ ಐಪ್ಯಾಡ್ ಅನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ಜಾಗದಲ್ಲಿ ಬಳಸಿ ಅನ್ನುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುವುದು ಮಾಮೂಲು. ಕಂಪ್ಯೂಟರ್‌ಗೆ ಫ್ಯಾನ್ ಇದೆ, ಗುಂಯ್ ಅನ್ನುತ್ತಾ ಹೇಗೋ ನಡೆಯುತ್ತದೆ. ಟ್ಯಾಬ್ಲೆಟ್‌ಗೆ ಫ್ಯಾನ್ ಇಲ್ಲ. ಬಿಸಿಯಾದಾಗ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಪರದೆ ಮಂಕಾಗುತ್ತದೆ. ಬಿಸಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯ ಆಯಸ್ಸು ಕಮ್ಮಿಯಾಗುವುದರಿಂದ ಚಾರ್ಜಿಂಗನ್ನೂ ನಿಲ್ಲಿಸುತ್ತದೆ. ಮಧ್ಯಾಹ್ನ ಮೂರಕ್ಕೆ ಕೇಬಲ್ ಸಿಕ್ಕಿಸಿ ಮಲಗಿ ಎದ್ದರೆ ಬ್ಯಾಟರಿ ಇದ್ದಲ್ಲೇ ಇತ್ತು.

ಈಗಿನ ವ್ಯವಸ್ಥೆ ಹೀಗಿದೆ. ಚಾರ್ಜಿಂಗ್ ರಾತ್ರಿ ಅಥವಾ ನಸುಕಿನಲ್ಲಿ ಮಾತ್ರ. ಹಗಲಲ್ಲಿ ಅನಿವಾರ್ಯವಾದರೆ ಕವರ್ ತೆಗೆದು ಬರಿ ನೆಲದ ಮೇಲೆ ಇಡುತ್ತೇನೆ. ನಮ್ಮದು ಶಹಾಬಾದ್ ಫರಶಿಯ ನೆಲ. ಕಿಟಕಿ ಪರದೆ ಎಳೆದ ಕೋಣೆಯಲ್ಲಿ ಫರಶಿ ಕಲ್ಲು ಮಧ್ಯಾಹ್ನವೂ ತಣ್ಣಗಿರುತ್ತದೆ, ಟ್ಯಾಬ್ಲೆಟ್‌ನ ಬಿಸಿ ಹೀರುತ್ತದೆ. ಲೋಹದ ಬೆನ್ನಿನ ಟ್ಯಾಬ್ಲೆಟ್‌ಗೆ ಇದು ಚೆನ್ನಾಗಿ ನಡೆಯುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಟ್ಟು ಹೋಗಬೇಡಿ. ಫ್ರಿಜ್‌ನಲ್ಲಿ ಇಡಿ ಅಂದವರೂ ಇದ್ದಾರೆ. ಒಳಗೆ ತೇವ ಕಟ್ಟುತ್ತದೆ, ಆ ಉಸಾಬರಿ ಬೇಡ.

ಪಕ್ಕದ ಶಾಲೆಯ ಮೇಷ್ಟ್ರೊಬ್ಬರು ತಾವೂ ತರಬೇಕಾ ಅಂತ ಕೇಳಿದರು. ಕಚೇರಿ ಕೆಲಸಕ್ಕೆ ನುಡಿ ಫೈಲ್ ದಿನಾ ಬರುತ್ತದೆ, ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ ಅಂದರು. ಹಾಗಿದ್ದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳಿ ಅಂದೆ. ಅದೇ ರೊಕ್ಕಕ್ಕೆ ತಲೆನೋವು ಕಡಿಮೆ. ಹಳೆ ಪೆಟ್ಟಿಗೆಯೊಂದು ಮೂಲೆಯಲ್ಲಿ ಇದ್ದವರಿಗೆ ಟ್ಯಾಬ್ಲೆಟ್ ಸರಿ.

ರಜೆಯಲ್ಲಿ ಕೈಗೆತ್ತಿಕೊಂಡದ್ದು ಹಳೆ ಪ್ರಶ್ನೆಪತ್ರಿಕೆಗಳ ಪರಿವರ್ತನೆ. ವರ್ಡ್‌ನ ಡಾಕ್ಸ್ (.docx) ಫೈಲ್ ಅಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್ ಫೈಲ್‌ಗಳ ಗಂಟು. ಒಂದೊಂದು ತುಣುಕು ಪಠ್ಯಕ್ಕೂ ಯಾವ ಫಾಂಟ್ ಎಂಬುದು ಒಳಗೆ ಬರೆದಿರಬಹುದು. ಹಾಗಾಗಿ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದೆ. ಹಳೆ ಡಾಕ್ (.doc) ಫೈಲ್‌ಗಳನ್ನು ಮೊದಲು ಲಿಬ್ರೆ ಆಫೀಸ್ ಡಾಕ್ಸ್ ಮಾಡುತ್ತದೆ. ಫಾಂಟ್ ನುಡಿ ಅಂತಿದ್ದ ತುಣುಕನ್ನು ಮಾತ್ರ ಸ್ಕ್ರಿಪ್ಟ್ ಯುನಿಕೋಡ್ ಮಾಡುತ್ತದೆ, ಟೈಮ್ಸ್ ಫಾಂಟ್‌ನಲ್ಲಿರುವ ಎಕ್ಸ್ ಅನ್ನು ಮುಟ್ಟುವುದಿಲ್ಲ. ವರ್ಗದ ಸಣ್ಣ 2 ಕೂಡ ಮೇಲೆಯೇ ಉಳಿಯುತ್ತದೆ. ಒಂಬತ್ತನೇ ತರಗತಿಯ ಬೀಜಗಣಿತದ ಪತ್ರಿಕೆಗಳು ಶುದ್ಧವಾಗಿ ಬಂದವು, ಟ್ಯಾಬ್ಲೆಟ್‌ನಲ್ಲಿ ನೇರವಾಗಿ ತೆರೆಯುತ್ತಿವೆ. ರೇಖಾಗಣಿತದವು ಇನ್ನೂ ಬಾಕಿ. ಚಿತ್ರದ ಪಕ್ಕದ ಪಠ್ಯಪೆಟ್ಟಿಗೆಗಳೊಳಗಿನ ಅಕ್ಷರ ಸ್ಕ್ರಿಪ್ಟ್‌ನ ಕಣ್ಣಿಗೆ ಬೀಳುತ್ತಿಲ್ಲ. ಶಾಲೆ ಶುರುವಾಗುವುದರೊಳಗೆ ಅದನ್ನು ಸರಿಪಡಿಸಿ, ಒಂಬತ್ತು, ಹತ್ತು ಎರಡೂ ತರಗತಿಯ ಪತ್ರಿಕೆಗಳನ್ನು ಶಿಕ್ಷಕರ ಗ್ರೂಪ್‌ಗೆ ಹಾಕುವುದು ಸದ್ಯದ ಗುರಿ.